ಸಮ್ಮಿಗೆ ಬಾರದ ಸಿ.ಡಿ.

ನಮ್ಮ ಕಾಕಾ ರೈಲ್ವೆಯಿಂದ ನಿವೃತ್ತರಾದ ಸಂಗತಿ ರೈಲ್ವೆಗೆ ಗೊತ್ತು, ನಮ್ಮ ಮನೆಯವರಿಗೆ ಗೊತ್ತು. ಅವರ ಕಾಲುಗಳಿಗೆ ಮಾತ್ರ ಇನ್ನೂ ಯಾರೂ ತಿಳಿಸಿಲ್ಲ! ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿ ಆಯುಷ್ಯ ಕಳೆದವರು. ಲಗ್ನ ಮಾಡಿಕೊಳ್ಳಲಿಲ್ಲ. ಹೆಣ್ಣು ನೋಡಲು ಹೋಗಬೇಕೆಂದ ದಿನವೇ ಅವರಿಗೆ ಡ್ಯೂಟಿ ಬೀಳುತ್ತಿತ್ತಂತೆ. ಈಗ ಸೇಡಂನಲ್ಲಿ ನಮ್ಮ ಮನೆಯಲ್ಲಿದ್ದಾರೆ. ‘ಇದ್ದಾರೆ’ ಅನ್ನುವುದು ಮರ್ಯಾದೆಗೆ ಆಡುವ ಮಾತು. ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಓಣಿಯ ತುದಿಗೆ, ಅಲ್ಲಿಂದ ಸ್ಟೇಷನ್ನಿಗೆ ಸುತ್ತುತ್ತಲೇ ಇರುತ್ತಾರೆ. ಊಟಕ್ಕೆ ಕೂತಾಗಲೂ ಒಂದು ಮೊಣಕಾಲು ಎದ್ದು ಹೊರಡಲು ತಯಾರಾಗಿರುತ್ತದೆ.

ಇಂಥವರಿಗೆ ಹಿಂದೂಸ್ತಾನಿ ಸಂಗೀತದ ಹುಚ್ಚು ಹೇಗೆ ಹಿಡಿಯಿತು? ಹಿಂದಿನಿಂದ ಬರುವ ಮೇಲ್ ಗಾಡಿಗೆ ದಾರಿ ಬಿಟ್ಟು ಗೂಡ್ಸ್ ಗಾಡಿ ಎಲ್ಲೋ ಹೊಲದ ನಡುವೆ ನಿಂತಿರುತ್ತಿತ್ತಲ್ಲ, ಆಗ ಕಡೆಯ ಡಬ್ಬಿಯಲ್ಲಿ ಕೂತು ಟ್ರಾನ್ಸಿಸ್ಟರ್ ಹಚ್ಚುತ್ತಿದ್ದರಂತೆ. ಗಾಡಿ ಬಿಡುವವರೆಗೂ ಒಂದೇ ಖ್ಯಾಲ್. ಗಾಡಿ ಹಾಗೂ ಗವಾಯಿ ಇಬ್ಬರೂ ಅವಸರವಿಲ್ಲದವರು, ಜೋಡಿ ಕೂಡಿತು.

ತೋಡಿ ರಾಗದ ಆ ಸಿ.ಡಿ.ಯನ್ನು ಅವರು ತಂದದ್ದು ಶಹಾಬಾದದ ಒಂದು ಸಣ್ಣ ಅಂಗಡಿಯಿಂದ. ಅಂಗಡಿಯ ತುಂಬ ಮೊಬೈಲಿನ ಕವರು, ಚಾರ್ಜರು. ಹಿಂದಿನ ಕಪಾಟಿನಲ್ಲಷ್ಟೇ ಯಾರೂ ಕೇಳದ ಸಿ.ಡಿ.ಗಳು. ಇಡೀ ಜಗತ್ತು ಸಿ.ಡಿ. ಬಿಟ್ಟ ಮೇಲೆ ಕಾಕಾ ಹಿಡಿದರು. ಮೊಬೈಲಿನಲ್ಲೇ ಎಲ್ಲ ಸಿಗುತ್ತದೆಂದು ನಾನು ಹಾಕಿ ತೋರಿಸಿದ್ದೆ. ಆಲಾಪದ ನಡುವೆ ಬಾತ್‌ರೂಮ್ ತೊಳೆಯುವ ಔಷಧದ ಜಾಹೀರಾತು ಬಂತು. ಆ ದಿನದಿಂದ ಕಾಕಾ ನನ್ನ ಮೊಬೈಲನ್ನು ಅನುಮಾನದಿಂದಲೇ ನೋಡುತ್ತಾರೆ.

ಸಿ.ಡಿ. ಹಚ್ಚಿದರು. ತೋಡಿ ನಿಧಾನವಾಗಿ ಏರಿತು. ಗವಾಯಿ ಓಡುವ ಸ್ವರಗಳ ಒಂದು ಉದ್ದನೆಯ ತಾನ ತೆಗೆದು, ಮೇಲೆ ಹೋಗಿ, ತಿರುಗಿ, ಇನ್ನೇನು ಸಮ್ಮಿಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಇಳಿಯಬೇಕು. ಅಷ್ಟರಲ್ಲಿ ಟಕ್, ಟಕ್, ಟಕ್! ಆಮೇಲೆ ಮೌನ. ನಿಲ್ದಾಣ ಕಣ್ಣಿಗೆ ಕಾಣುತ್ತಿದ್ದರೂ ಸಿಗ್ನಲ್ ಸಿಗದೆ ಹೊರಗೇ ನಿಂತ ಗಾಡಿ.

ಬೇರೆಯವರಾದರೆ ಮುಂದಿನ ಹಾಡಿಗೆ ಹೋಗುತ್ತಿದ್ದರು. ಕಾಕಾನ ಮೈಯಲ್ಲಿ ಆ ತಾನ ಸಿಕ್ಕಿಕೊಂಡಿತು. ಎಲ್ಲಿದ್ದರೂ ಒಮ್ಮೆಗೇ ಅದು ನೆನಪಾಗಿ ಕೈ ಎತ್ತಿ ತಾವೇ ಸಮ್ಮು ಹೊಡೆದು ಮುಗಿಸುವರು. ತಾಟಿನ ಅಂಚಿಗೆ ಹೊಡೆದರೆ ಸಾರು ಚೆಲ್ಲುತ್ತಿತ್ತು. ಕ್ಷೌರದಂಗಡಿಯಲ್ಲಿ ತೊಡೆಗೆ ಹೊಡೆದುಕೊಂಡಾಗ ಕತ್ತಿ ಜಾರಿ ಗಲ್ಲ ಕೊಯ್ಯಿತು. ಹತ್ತಿಯ ತುಂಡು ಅಂಟಿಸಿಕೊಂಡು ಮನೆಗೆ ಬಂದವರೇ ಶಹಾಬಾದಕ್ಕೆ ಹೊರಟರು.

ಸೇಡಂನಿಂದ ಶಹಾಬಾದ ಏನು ಪಕ್ಕದ ಓಣಿಯೇ? ಚಿತ್ತಾಪುರ ದಾಟಿ ವಾಡಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಬೇಕು. ಕಾಕಾನಿಗೆ ಅದು ತ್ರಾಸಲ್ಲ, ಹಬ್ಬ. ಅಂಗಡಿಯ ಚಾಚಾ ಕನ್ನಡಕ ಹಣೆಗೇರಿಸಿ ಸಿ.ಡಿ. ನೋಡಿದರು. ಬಿಳಿಗಡ್ಡದ ಸಮಾಧಾನಿ ಮನುಷ್ಯ. ಇದು ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಊರು, ಧೂಳು ಕೂತಿರಬೇಕು, ಒರೆಸಿ ನೋಡಿರಿ ಎಂದರು. ಕಾಕಾ ಧೋತರದ ಚುಂಗಿನಿಂದ ಒರೆಸಿದರು. ಸಾಬೂನಿನಿಂದ ತೊಳೆದರು. ಯಾರೋ ಹೇಳಿದರೆಂದು ಹಲ್ಲುಜ್ಜುವ ಪೇಸ್ಟ್ ಹಚ್ಚಿ ತಿಕ್ಕಿದರು. ಸಿ.ಡಿ.ಗೆ ಪುದೀನಾ ವಾಸನೆ ಬಂತು, ಸಮ್ಮು ಬರಲಿಲ್ಲ.

ದೋಷ ನಿಮ್ಮ ಪ್ಲೇಯರಿನದೇ ಇರಬಹುದಲ್ಲ ಎಂದು ಎರಡನೆಯ ಸಲ ಹೋದಾಗ ಚಾಚಾ ಮೆಲ್ಲಗೆ ಅಂದರು. ಅಷ್ಟು ಸಾಕಾಯಿತು! ಕಾಕಾ ಸಿ.ಡಿ. ಹಿಡಿದು ಊರೂರು ತಿರುಗಿದರು. ರಾವೂರಿನ ಕಲ್ಲಿನ ಗಣಿಯ ಗುತ್ತೇದಾರನ ಜೀಪಿನಲ್ಲಿ ಕೇಳಿದರು. ಆದಿತ್ಯನಗರದಲ್ಲಿ ಪರಿಚಯದ ಇಂಜಿನಿಯರ್ ಒಬ್ಬರ ಮನೆಗೆ ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲಿ ಆಳೆತ್ತರದ ಸ್ಪೀಕರುಗಳು. ಮನೆಮಂದಿಯೆಲ್ಲ ಭಕ್ತಿಯಿಂದ ಕೂತರು. ತಾನ ಏರಿತು, ತಿರುಗಿತು, ಅದೇ ಜಾಗದಲ್ಲಿ ಟಕ್ ಟಕ್. ಮನೆಯವರು ಅಯ್ಯೋ ಅಂದರೆ ಕಾಕಾ ಚಪ್ಪಾಳೆ ತಟ್ಟಿದರು. ತಮ್ಮ ಪ್ಲೇಯರ್ ನಿರ್ದೋಷಿ ಎಂದು ಸಾಬೀತಾಗಿತ್ತಲ್ಲ!

ಚಾಚಾ ಬದಲಿ ತರಿಸಿದರು. ಅದೂ ಅಲ್ಲೇ ನಿಂತಿತು. ಇನ್ನೊಂದು ತರಿಸಿದರು. ಮೇಲೆ ತೋಡಿ ಎಂದು ಅಚ್ಚಾಗಿತ್ತು, ಒಳಗೆ ತೆಲುಗಿನಲ್ಲಿ ಕೋಳಿ ಸಾಕಣೆಯ ಉಪನ್ಯಾಸ! ಇದು ಪೀಠಿಕೆ ಇರಬೇಕು, ಆಲಾಪ ಮುಂದೆ ಬಂದೀತು ಎಂದು ಕಾಕಾ ಕಡೆಯ ತನಕ ಕೇಳಿದರು. ಆಲಾಪ ಬರಲಿಲ್ಲ, ಜ್ಞಾನ ಬಂತು. ಅದಾದ ಮೇಲೆ ಎದುರುಮನೆಯವರ ಕೋಳಿಗಳ ನೀರು, ನೆರಳು, ಜ್ವರ ಎಲ್ಲದಕ್ಕೂ ಸಲಹೆ ಕೊಡತೊಡಗಿದರು. ಆ ಮನೆಯಾಕೆ ನಮ್ಮವ್ವನ ಹತ್ತಿರ ಬಂದು, ಅವರನ್ನು ಬೇಗ ಶಹಾಬಾದಕ್ಕೆ ಕಳಿಸಿರೆಂದು ಕೈಮುಗಿದಳು.

ಹೀಗೆ ಹೋಗಿಬಂದು ಮಾಡುವುದರಲ್ಲೇ ವರ್ಷ ಉರುಳಿತು. ಚಾಚಾನ ಅಂಗಡಿಯಲ್ಲಿ ಪ್ಲೇಯರ್ ಕೆಟ್ಟು ಕೂತಿದ್ದರಿಂದ ಕಾಕಾ ತಮ್ಮದನ್ನೇ ಚೀಲದಲ್ಲಿ ಒಯ್ಯುತ್ತಿದ್ದರು. ಶಾಲೆಗೆ ರಜೆಯಿದ್ದ ಒಂದು ದಿನ ನಾನು ಜೊತೆಗೆ ಹೋದಾಗ ನೋಡಿದ್ದು ಇದು: ಇಬ್ಬರೂ ಮುಖಾಮುಖಿ ಕೂತಿದ್ದಾರೆ, ನಡುವೆ ಚಹಾ. ಈ ಗವಾಯಿ ಹಾಡು ಶುರು ಮಾಡುವುದು ಯಾವಾಗ ಎಂದು ಮೊದಲು ಕೇಳುತ್ತಿದ್ದ ಚಾಚಾ ಈಗ ಕಣ್ಣು ಮುಚ್ಚಿ ತಲೆದೂಗುತ್ತಿದ್ದಾರೆ. ತಾನ ಬಂದು ನಿಂತಿತು. ಇಬ್ಬರೂ ಒಟ್ಟಿಗೇ ಕೌಂಟರಿಗೆ ಸಮ್ಮು ಹೊಡೆದರು. ಚಾರ್ಜರ್ ಕೊಳ್ಳಲು ಬಂದಿದ್ದ ಹೆಣ್ಣುಮಗಳು ಬೆಚ್ಚಿ ಹಿಂದೆ ಸರಿದಳು.

ಆ ದಿನವೇ ಚಾಚಾ ನನಗೆ ತಮ್ಮ ವಿಷಯ ಹೇಳಿದ್ದು. ಹೆಂಡತಿ ತೀರಿಕೊಂಡಿದ್ದರು. ಸೊಲ್ಲಾಪುರದ ಮಗಳು ತನ್ನ ಹತ್ತಿರ ಬಂದುಬಿಡೆಂದು ಕರೆಯುತ್ತಿದ್ದಳು. ವ್ಯಾಪಾರವೂ ಮೊದಲಿನಂತಿಲ್ಲ.

“ಗಾರ್ಡ್ ಸಾಬರದು ಇದೊಂದು ಕೆಲಸ ಉಳದದ ನೋಡವ್ವಾ,” ಅಂದರು. “ಕೊಟ್ಟ ಮಾಲು ಕೆಟ್ಟದ್ದಿಟ್ಟು ಹ್ಯಾಂಗ ಹೋಗಲಿ? ಇದು ಮುಗದ್ರ ದುಕಾನ್ ಬಂದ್ ಮಾಡ್ತೀನಿ.”

ಕಾಕಾ ಚಹಾದ ಕಪ್ಪಿನೊಳಗೆ ನೋಡುತ್ತ ಕೂತಿದ್ದರು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಮುಂದೆ ಕೆಲವು ವಾರಕ್ಕೆ ಹೈದರಾಬಾದಿನ ಯಾವುದೋ ಹಳೆಯ ಸ್ಟಾಕಿನಿಂದ ಇನ್ನೊಂದು ಬಂತು. ರವಿವಾರ ಮನೆಯಲ್ಲಿ ಎಲ್ಲರೂ ಕೂತು ಕೇಳಿದೆವು. ತಾನ ಏರಿತು, ತಿರುಗಿತು, ಎಲ್ಲೂ ತಡೆಯದೆ ಬಂದು ಸಮ್ಮಿನ ಮೇಲೆ ಹೂವಿನಂತೆ ಕೂತಿತು. ಅವ್ವ ದೇವರ ಕಡೆ ತಿರುಗಿ ಕೈಮುಗಿದಳು. ನಾನು ಕಾಕಾನ ಮುಖ ನೋಡಿದೆ. ಅವರು ಎದ್ದು ಪ್ಲೇಯರ್ ಆರಿಸಿ, ಅಂಗಳಕ್ಕೆ ಹೋಗಿ ಸುಮ್ಮನೆ ನಿಂತುಬಿಟ್ಟರು. ಅಷ್ಟು ಹೊತ್ತು ಅವರು ಒಂದೇ ಕಡೆ ನಿಂತದ್ದನ್ನು ನಾನು ಕಂಡಿದ್ದಿಲ್ಲ.

ಮರುದಿನ ಶಹಾಬಾದಕ್ಕೆ ಹೊರಟರು. ಚಾಚಾನಿಗೆ ಶುಕ್ರಿಯಾ ಹೇಳಲು ಇರಬೇಕೆಂದು ನಾನೂ ಶಾಲೆಗೆ ರಜೆ ಹಾಕಿ ಹೋದೆ. ಅಂಗಡಿಯಲ್ಲಿ ಅರ್ಧ ಕಪಾಟು ಖಾಲಿಯಾಗಿತ್ತು. ಚಾಚಾ ನೆಲದ ಮೇಲೆ ಕೂತು ರಟ್ಟಿನ ಡಬ್ಬಿಗಳಿಗೆ ಹಗ್ಗ ಬಿಗಿಯುತ್ತಿದ್ದರು. ಕಾಕಾ ಸಿ.ಡಿ.ಯನ್ನು ಕೌಂಟರಿನ ಮೇಲಿಟ್ಟರು.

“ಭಾಯಿ, ಇದೂ ಅಲ್ಲೇ ನಿಂತು ಅಟಕಾಯಿಸಲಿಕತ್ತದ.”

ನಾನು ಬಾಯಿ ತೆರೆದೆ. ಕಾಕಾ ನನ್ನ ಕಾಲು ತುಳಿದರು.

ಚಾಚಾ ಎದ್ದು ಬಂದು, ಕಾಕಾನ ಚೀಲದಿಂದ ಪ್ಲೇಯರ್ ತೆಗೆದು ತಾವೇ ಹಚ್ಚಿದರು. ಮೂವರೂ ಕೇಳಿದೆವು. ತಾನ ಬಂತು, ಸಮ್ಮು ಬಂತು, ಮುಂದಿನ ಆವರ್ತನವೂ ಶುರುವಾಯಿತು. ಕಾಕಾ ರಸ್ತೆಯ ಕಡೆ ನೋಡುತ್ತಿದ್ದರು. ಚಾಚಾ ಹಾಡು ನಿಲ್ಲಿಸಿ, ಸಿ.ಡಿ. ಹೊರತೆಗೆದು, ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅದನ್ನು ಅಂಗಿಯ ತುದಿಯಿಂದ ಮೆಲ್ಲಗೆ ಒರೆಸಿದರು.

“ಖರೇ ಅದರಿ ಗಾರ್ಡ್ ಸಾಬ್. ಅಟಕಾಯಿಸ್ತದ,” ಅಂದರು. “ಬದ್ಲಿ ತರಸ್ತೀನಿ. ಆದ್ರ ಈ ಸಲ ಭಾಳ ತಡ ಆಗ್ತದ.”

“ಆಗಲಿ ತಗೋರಿ. ನನಗೇನ್ ಅವಸರ ಅದ?” ಅಂದರು ಕಾಕಾ.

ಚಾಚಾ ಮತ್ತೆ ನೆಲದ ಮೇಲೆ ಕೂತು, ಆಗಷ್ಟೇ ಬಿಗಿದಿದ್ದ ಹಗ್ಗದ ಗಂಟನ್ನು ಉಗುರಿನಿಂದ ಬಿಚ್ಚತೊಡಗಿದರು. ಗಂಟು ಗಟ್ಟಿಯಾಗಿತ್ತು. ಕಾಕಾ ಎದುರು ಕೂತು ಇನ್ನೊಂದು ತುದಿ ಹಿಡಿದರು.