ಬಾಮೈದನ ಚೆಂಡು, ದೊರೆಗಳ ರಗ್ಬಿ

ಮಾಲೂರು, 1944ರ ಫೆಬ್ರವರಿ

ಟೇಕಲ್ ರೈಲ್ವೆ ಸ್ಟೇಷನ್ನಿನ ಆಚೆ ಡೇರೆ ಹಾಕಿರುವ ಪಲ್ಟನ್ನಿನ ಘನವೆತ್ತ ಕ್ಯಾಪ್ಟನ್ ದೊರೆಗಳ ಸನ್ನಿಧಾನಕ್ಕೆ,

ಮಾನ್ಯರೇ,

ಮಾಲೂರು ಫುಟ್‌ಬಾಲ್ ಸಂಘದ ಕಾರ್ಯದರ್ಶಿಯೂ, ಬೇರೆ ಯಾರೂ ಒಪ್ಪದ ಕಾರಣ ಅದರ ಗೋಲ್‌ಕೀಪರೂ ಆಗಿರುವ ವೆಂಕಟರಾಯಪ್ಪನು ಮಾಡುವ ಅನಂತ ನಮಸ್ಕಾರಗಳು. ತಮ್ಮ ಕ್ಷೇಮವನ್ನೂ, ತಮ್ಮ ಸಿಪಾಯಿಗಳ ಕ್ಷೇಮವನ್ನೂ, ತಮ್ಮ ಹೇಸರಗತ್ತೆಗಳ ಕ್ಷೇಮವನ್ನೂ ಸದಾ ಬಯಸುತ್ತೇವೆ.

ಈಚೆಗೆ ತಾವು ಜೀಪಿನಲ್ಲಿ ಬಂದು ನಮ್ಮ ಮೈದಾನವನ್ನು ಟೇಪು ಹಿಡಿಸಿ ಅಳೆಸಿದಿರಂತೆ. ತಮ್ಮ ಸೀಮೆಯಲ್ಲಿ ಸಂಬಳ ಪಡೆದು ರಗ್ಬಿ ಲೀಗ್ ಆಡುತ್ತಿದ್ದವರು ಈಗ ಸಿಪಾಯಿಗಳಾಗಿ ತಮ್ಮ ಕೈಕೆಳಗಿದ್ದಾರೆಂದೂ, ಅವರ ಪಂದ್ಯವನ್ನು ಯುಗಾದಿಗೆ ಮುಂಚಿನ ಭಾನುವಾರ ನಮ್ಮಲ್ಲೇ ನಡೆಸಬಹುದೆಂದೂ ಸುದ್ದಿ. ಅದೇ ಭಾನುವಾರ ಶ್ರೀನಿವಾಸಪುರದವರ ಜೊತೆ ನಮ್ಮ ಫುಟ್‌ಬಾಲ್ ಪಂದ್ಯ ನಿಗದಿಯಾಗಿರುವುದರಿಂದ, ಖಡಾಖಂಡಿತವಾಗಿ ವಿರೋಧಿಸಿ ಬರೆಯತಕ್ಕದ್ದೆಂದು ಅಧ್ಯಕ್ಷರಾದ ಕೋದಂಡರಾಮಪ್ಪನವರು ನನಗೆ ಅಪ್ಪಣೆ ಮಾಡಿದ್ದಾರೆ. ಆದಕಾರಣ ವಿರೋಧಿಸುತ್ತೇನೆ.

ತಮ್ಮ ಆಟದ ಹಿರಿಮೆಯನ್ನು ಕೇಳಿ ಬೆರಗಾಗಿದ್ದೇವೆ. ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಓಡುವುದು, ಉಳಿದವರು ಅವನ ಸೊಂಟ ಹಿಡಿದು ಕೆಡವಿ ಮೇಲೆ ಬೀಳುವುದು, ಇಷ್ಟಕ್ಕೆ ಸಂಬಳ! ಇದನ್ನೇ ನಾವು ಫುಟ್‌ಬಾಲ್ ಎಂದು ತಿಳಿದು ಇಷ್ಟು ಕಾಲ ಬಿಟ್ಟಿ ಆಡಿದೆವಲ್ಲ ಎಂದು ಸಂಘದಲ್ಲಿ ಹಲವರಿಗೆ ಹೊಟ್ಟೆ ಉರಿದಿದೆ. ನಮ್ಮ ದೊಡ್ಡಮುನಿಯಪ್ಪನಂತೂ ಹುಟ್ಟಿದಾಗಿನಿಂದ ಚೆಂಡನ್ನು ಬಿಟ್ಟು ಆಸಾಮಿಯನ್ನೇ ಹಿಡಿಯುತ್ತಾ ಬಂದವನು.

ಕಾರ್ಯದರ್ಶಿಯ ವಿರೋಧ ಇಲ್ಲಿಗೆ ಮುಗಿಯಿತು. ಇನ್ನು ಮುಂದಿನದು ಗೋಲ್‌ಕೀಪರನ ಅಹವಾಲು. ಈ ಪತ್ರ ಅಧ್ಯಕ್ಷರ ಕೈ ದಾಟಿಯೇ ಹೋಗಬೇಕಾದರೂ ಭಯವಿಲ್ಲ, ಕೋದಂಡರಾಮಪ್ಪನವರು ಯಾವ ಪತ್ರವನ್ನೂ ಇಷ್ಟು ದೂರ ಓದುವವರಲ್ಲ.

ಶ್ರೀನಿವಾಸಪುರದ ಕಡೆ ಗೋಲು ಹೊಡೆಯುವವನು ಕದಿರೇಶ, ನನ್ನ ಹೆಂಡತಿ ಶಾಮಲಮ್ಮನ ಒಡಹುಟ್ಟಿದ ತಮ್ಮ. ಹೋದ ವರ್ಷ ಅವನು ಗೋಲಿನ ಮೇಲೆ ಗೋಲು ಹೊಡೆದ. ಹೊಡೆದಾಗಲೆಲ್ಲ ಓಡಿಬಂದು ನನ್ನ ಕಾಲು ಮುಟ್ಟಿ, “ಬಾವಾ, ಏನೂ ಅನ್ಕೋಬೇಡಿ” ಎಂದು ಬೇಡಿಕೊಂಡ. ಮನೆಯ ಹಿರಿಯ ಅಳಿಯನಿಗೆ ಸಲ್ಲಬೇಕಾದ ಮರ್ಯಾದೆಯಲ್ಲಿ ಏನನ್ನೂ ಕಮ್ಮಿ ಮಾಡಲಿಲ್ಲ. ನಾನೂ ಅಭ್ಯಾಸಬಲದಿಂದ ಅವನ ತಲೆ ಮುಟ್ಟಿ ಆಶೀರ್ವಾದ ಮಾಡಿದೆ, ಅದು ಎಂಥ ಫಲ ಕೊಟ್ಟಿತೆಂದರೆ ಮರುಗಳಿಗೆಯಲ್ಲೇ ಇನ್ನೊಂದು ಹೊಡೆದ. ಮೈದಾನಕ್ಕೆ ಮೈದಾನವೇ ನಗುತ್ತಿತ್ತು. ಶಾಮಲಮ್ಮ ತವರಿನವರ ನಡುವೆ ಕೂತು ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ಅವಳು ಅತ್ತಳೋ ನಕ್ಕಳೋ ಕೇಳುವ ಧೈರ್ಯ ನನಗೆ ಈವರೆಗೂ ಬಂದಿಲ್ಲ, ಆ ನಾಚಿಕೆಯೂ ಹೋಗಿಲ್ಲ.

ಆದ್ದರಿಂದ ದೊರೆಗಳೇ, ತಮ್ಮ ದಮ್ಮಯ್ಯ, ಆ ಭಾನುವಾರವೇ ರಗ್ಬಿ ಆಡಿಸಿ. ಆಗದಿದ್ದರೆ ತಮ್ಮ ಸಂಬಳದ ಆಟಗಾರರಲ್ಲಿ ಬಾಗಿಲಿನಷ್ಟು ಅಗಲದವನೊಬ್ಬನನ್ನು ನನ್ನ ಜಾಗಕ್ಕೆ ಎರವಲು ಕೊಡಿ, ಅವನ ಹೆಂಡತಿ ಶ್ರೀನಿವಾಸಪುರದವಳಾಗಿರಬಾರದು ಎಂಬುದೊಂದೇ ಷರತ್ತು. ಅದೂ ಆಗದಿದ್ದರೆ ಕದಿರೇಶನನ್ನು ಆ ಒಂದು ದಿನದ ಮಟ್ಟಿಗೆ ಸೈನ್ಯಕ್ಕೆ ಸೇರಿಸಿಕೊಂಡು, ಮಾರನೆಯ ದಿನ ಒಂದು ಕೂದಲೂ ಕೊಂಕದ ಹಾಗೆ ವಾಪಸು ಕಳಿಸಿ. ಕೊಂಕಿದರೆ ನನಗೆ ಮನೆಯಲ್ಲಿ ಊಟವಿಲ್ಲ.

ತಮ್ಮ ಆಟದ ಅಭಿಮಾನಿ, ತಮ್ಮ ವಿಶ್ವಾಸಿ,
ವೆಂಕಟರಾಯಪ್ಪ

ವಿ. ಸೂ.: ಲಕೋಟೆ ಅಂಟಿಸುವಷ್ಟರಲ್ಲಿ, ನಮ್ಮ ಮೈದಾನದಲ್ಲಿ ಹುಲ್ಲಿಗಿಂತ ನೊರಜುಗಲ್ಲೇ ಹೆಚ್ಚೆಂದು ತಾವು ರಗ್ಬಿಯ ಯೋಚನೆ ಕೈಬಿಟ್ಟ ಸುದ್ದಿ ಬಂತು. ಸಾಮ್ರಾಜ್ಯ ಕಾಯುವ ಮಂಡಿಗಳು ಅಷ್ಟು ಸುಕುಮಾರವೆಂದು ನಮಗೆ ತಿಳಿದಿರಲಿಲ್ಲ. ಅದೇ ಕಲ್ಲಿನ ಮೇಲೆ ಇನ್ನು ನಾನು ಬೀಳಬೇಕು. ಈ ಸಲ ನೋಡಲು ಬರಬೇಡವೆಂದು ಶಾಮಲಮ್ಮನಿಗೆ ಹೇಳಿದೆ. ಅವಳು ಅಂದದ್ದು: “ಬರ್ದೇ ಇರ್ತೀನಾ? ಈ ಸಲ ತವರಿನೋರ ಜೊತೆ ಕೂರಲ್ಲ, ನಿಮ್ಮ ಗೋಲಿನ ಹಿಂದೇನೇ ನಿಂತ್ಕೋತೀನಿ. ನೀವು ಬಿಟ್ಟ ಚೆಂಡೆಲ್ಲ ಎತ್ಕೊಡೋಕೆ ಯಾರಾದ್ರೂ ಬೇಕಲ್ಲ.”