ಭಾವ ಬೇಡವೆಂದ ಹಡಗುಗಳು

ನಮ್ಮ ಭಾವ ಇವತ್ತಿನವರೆಗೆ ಒಂದೇ ಒಂದು ಪ್ರವಾಸಿ ಹಡಗಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಅವರು ‘ಇದು ಆಗುವುದಿಲ್ಲ’ ಎಂದು ತಳ್ಳಿಹಾಕಿದ ಹಡಗುಗಳನ್ನೆಲ್ಲ ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗಿಸಿ ನಿಲ್ಲಿಸಿದರೆ, ಬೈಂದೂರಿನಿಂದ ಬ್ರಹ್ಮಾವರದವರೆಗೆ ಕಾಲು ಒದ್ದೆಯಾಗದಂತೆ ನಡೆದು ಹೋಗಬಹುದು! ನಮ್ಮ ಹೆದ್ದಾರಿಯ ಹೊಂಡ ಕಂಡವರಿಗೆ ಅದೇ ಸುಖದ ದಾರಿ ಅನ್ನಿಸಿದರೂ ಅನ್ನಿಸೀತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಗಂಗೊಳ್ಳಿ ಬಂದರಿನ ಮೀನು ಬೋಟಿನಲ್ಲಿ ತಾಂಡೇಲರಾಗಿ, ಅಂದರೆ ಚುಕ್ಕಾಣಿ ಹಿಡಿದು ಇಡೀ ಬೋಟಿಗೆ ಯಜಮಾನರಾಗಿ, ಆಯುಷ್ಯದ ದೊಡ್ಡ ಪಾಲನ್ನು ನೀರಿನ ಮೇಲೆ ಕಳೆದವರು. ಮಂಡಿ ಸವೆದ ಮೇಲೆ ಬೋಟಿನಲ್ಲಿದ್ದ ತಮ್ಮ ಪಾಲು ಮಾರಿ, ಗಂಗೊಳ್ಳಿಯ ಎದುರು ದಡದ ಕೋಡಿ ಊರಿನ ಮನೆಗೆ ಬಂದು ಕೂತರು. ಕೂತರು ಅಂತ ಬಾಯಿಮಾತಿಗೆ ಹೇಳಿದ್ದು. ಕೂರುವ ಜನವೇ ಅದು? ದಿನಾ ಮಧ್ಯಾಹ್ನ ಊಟ ಮುಗಿಸಿ ಬಸ್ಸು ಹತ್ತಿ ಕೋಟೇಶ್ವರದ ನನ್ನ ವರ್ಕ್‌ಶಾಪಿಗೆ ಬಂದು, ಮಗುಚಿ ಹಾಕಿದ ಮೀನಿನ ಕ್ರೇಟಿನ ಮೇಲೆ ಆಸೀನರಾಗುವುದು ಅವರ ಹೊಸ ಉದ್ಯೋಗವಾಯಿತು. ನಾನು ಏಳನೇ ಕ್ಲಾಸಿನಲ್ಲಿ ಶಾಲೆಗೆ ಕೈಮುಗಿದು ಎಂಜಿನ್ ಬಿಚ್ಚುವುದಕ್ಕೆ ಕಲಿತವನು. ನನ್ನ ಕೈ ದಾಟಿ ಹೋದ ಎಂಜಿನ್ ನಡುನೀರಿನಲ್ಲಿ ನಿಂತದ್ದಿಲ್ಲ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆಯೂ ಇಲ್ಲ. ಕೈಯಲ್ಲಿ ಸ್ಪಾನರ್ ಇರುವವನಿಗೆ ಎದ್ದು ಓಡಲಿಕ್ಕೆ ಆಗುವುದಿಲ್ಲ ನೋಡಿ, ಹಾಗಾಗಿ ಭಾವನ ಹಡಗು ಸಮಾಚಾರಕ್ಕೆಲ್ಲ ನಾನೇ ಶ್ರೋತೃ.

ಇದೆಲ್ಲ ಶುರುವಾದದ್ದು ಒಂದು ವಿಡಿಯೋದಿಂದ. ಬ್ರಹ್ಮಾವರಕ್ಕೆ ಮದುವೆಯಾಗಿ ಹೋದ ಅಕ್ಕನ ಮಗಳು ಒಂದು ದಿನ ಬಂದವಳು ಫೋನಿನಲ್ಲಿ ತೋರಿಸಿದಳು. ಭೂಮಿಯ ತೀರಾ ತೆಂಕು ತುದಿ. ಸುತ್ತ ಮಂಜುಗಡ್ಡೆ. ನಡುವೆ ಒಂದು ಸಣ್ಣ ಹಡಗು. ಅದರಿಂದ ರಬ್ಬರ್ ದೋಣಿಯಲ್ಲಿ ಇಳಿದ ಕೆಂಪು ಕೋಟಿನ ಜನ, ಪೆಂಗ್ವಿನ್ ಹಕ್ಕಿಗಳನ್ನು ಕಂಡು, ತಿರುಗಿ ಹಡಗು ಹತ್ತಿದರು. ಅಷ್ಟೆ.

ಭಾವ ಅದನ್ನು ಮತ್ತೆ ಮತ್ತೆ ನೋಡಿದರು. “ಇಷ್ಟ್ ದೂರ ಹೋಯಿ, ಬಲೆ ಹಾಕ್ದೆ ವಾಪಾಸ್ ಬತ್ರಾ?”

“ಹೌದಪ್ಪಯ್ಯ. ಬರೀ ಕಾಂಬುಕೆ ಹೋಪುದ್.”

“ಬರೀ ಕಾಂಬುಕೆ!” ಭಾವ ವಿಡಿಯೋವನ್ನು ಇನ್ನೊಂದು ಸಲ ಓಡಿಸಿದರು. ಆಮೇಲೆ ಅಡಿಗೆಕೋಣೆಯ ಕಡೆ ನೋಡಿ ಹೇಳಿದರಂತೆ, “ಹಾಂಗಾರ್ ನಿನ್ನ ಅಮ್ಮನ್ನ ಕರ್ಕಂಡ್ ಹೋಯ್ಲಕ್.”

ನಮ್ಮಲ್ಲಿ ಮೀನಿಗೆ ಹೋಗುವ ಬೋಟಿಗೆ ಹೆಂಗಸರು ಕಾಲಿಡುವ ಕ್ರಮ ಇಲ್ಲ. ಕಡಲ ಬದಿಯಲ್ಲೇ ಹುಟ್ಟಿ, ಕಡಲ ಬದಿಗೇ ಮದುವೆಯಾಗಿ ಬಂದು, ಕಡಲು ಕೊಟ್ಟದ್ದನ್ನೇ ಉಂಡ ನನ್ನ ಅಕ್ಕ, ಕಡಲಿನಿಂದ ಊರು ಹೇಗೆ ಕಾಣುತ್ತದೆಂದು ಒಂದು ದಿನವೂ ಕಂಡವಳಲ್ಲ. ‘ಬಲೆ ಇಲ್ಲದ ಹಡಗಿಗೆ ಆ ಕಟ್ಟು ಲಾಗೂ ಇಲ್ಲ’ ಎಂದು ಭಾವ ತಾವೇ ತೀರ್ಪು ಕೊಟ್ಟರು. ಬೋಟಿನ ಪಾಲು ಮಾರಿದ ದುಡ್ಡು ಬ್ಯಾಂಕಿನಲ್ಲಿತ್ತು. ಇನ್ನು ಬೇಕಾದದ್ದು ಅಕ್ಕನ ಒಂದು ‘ಹ್ಞೂಂ’ ಮಾತ್ರ.

“ನಾನ್ ಬತ್ತಿಲ್ಲೆ,” ಅಂದಳು ಅಕ್ಕ. ಯಾಕೆ ಅಂತ ಹೇಳಲಿಲ್ಲ.

ಬೇರೆ ಗಂಡಸಾದರೆ ಯಾಕೆ ಅಂತ ಕೇಳುತ್ತಿದ್ದ, ಇಲ್ಲವೇ ಕೋಪ ಮಾಡಿಕೊಳ್ಳುತ್ತಿದ್ದ. ಭಾವನಿಗೆ ಹೊಳೆದದ್ದೇ ಬೇರೆ. ಅವಳು ಒಪ್ಪಲಿಲ್ಲ ಅಂದರೆ ದೋಷ ಹಡಗಿನಲ್ಲೇ ಇರಬೇಕು! ಸರಿ, ಬೇರೆ ಹಡಗು ಹುಡುಕುವ. ಹೀಗೆ ಅಕ್ಕ ಒಂದೊಂದು ಸಲ ಬೇಡ ಅಂದಾಗಲೂ ಒಂದೊಂದು ಕಂಪೆನಿಯ ಹಣೆಬರಹ ಮುಗಿಯುತ್ತಿತ್ತು.

ಆ ಕಂಪೆನಿಗಳ ಹೆಸರೋ, ಭಾವನ ನಾಲಿಗೆಗೆ ಸಿಕ್ಕುವಂಥದ್ದಲ್ಲ. ಅವರು ಒಂದೊಂದಕ್ಕೂ ಒಂದೊಂದು ಮೀನಿನ ಹೆಸರಿಟ್ಟುಕೊಂಡರು. ಅಂಜಲ್ ಕಂಪೆನಿ ಅಂದರೆ ಶ್ರೀಮಂತರದ್ದು; ಒಂದೇ ರೇಟಿನಲ್ಲಿ ಊಟ, ಕೋಟು, ಬೂಟು, ಡಾಕ್ಟರು ಎಲ್ಲವೂ ಬಂತು, ಎಲ್ಲೂ ಮುಳ್ಳು ಸಿಕ್ಕುವುದಿಲ್ಲ. ಬಂಗುಡೆ ಕಂಪೆನಿಯ ಹಡಗು ದೊಡ್ಡದು, ರೇಟು ಕಡಿಮೆ, ಆದರೆ ಜನ ಸಂತೆ. ಮಂಜಿನ ನೆಲಕ್ಕೆ ಒಮ್ಮೆಗೆ ಇಂತಿಷ್ಟೇ ಜನ ಇಳಿಯಬೇಕೆಂದು ನಿಯಮವಂತೆ. ಉಳಿದವರು ಕೋಟು ಹಾಕಿಕೊಂಡು ಡೆಕ್ಕಿನಲ್ಲೇ ಬೆವರುತ್ತ ಕೂರಬೇಕು. ಬೈಗೆ ಕಂಪೆನಿಯದ್ದು ಹಳೆಯ ಹಡಗು, ಗಟ್ಟಿ ಮೈ, ಮಂಜಿಗೆ ಜಗ್ಗುವುದಿಲ್ಲ, ಆದರೆ ಬಾಯಿಗಿಟ್ಟರೆ ಬರೀ ಮುಳ್ಳು: ಇದಕ್ಕೆ ಬೇರೆ ಚಾರ್ಜು, ಅದಕ್ಕೆ ಬೇರೆ ಚಾರ್ಜು. ಕಾಣೆ ಕಂಪೆನಿಯ ಹಡಗು ತೆಳ್ಳಗೆ, ಸಣ್ಣದು, ಜನ ಕಡಿಮೆ, ಎಲ್ಲರೂ ಒಟ್ಟಿಗೇ ಇಳಿಯಬಹುದು. ಆದರೆ ಗಾಳಿ ಎದ್ದರೆ ತೊಟ್ಟಿಲು.

ಒಂದು ದಿನ ಭಾವ ನನ್ನ ಅಂಗಡಿಯಲ್ಲಿ ಕೂತು, “ಅಂಜಲ್ ನಮ್ಗ್ ಬ್ಯಾಡ, ಬಂಗುಡೆ ಕಾಂಬುಕೆ ಮಾತ್ರ ಚಂದ, ಕಾಣೆಯೇ ಅಡ್ಡಿಲ್ಲೆ” ಎಂದು ಗಂಭೀರವಾಗಿ ಹೇಳುತ್ತಿದ್ದರು. ಪಂಪು ರಿಪೇರಿಗೆ ಬಂದ ಹಟ್ಟಿಯಂಗಡಿ ಕಡೆಯ ಗಿರಾಕಿಯೊಬ್ಬರು ಬದಿಯಲ್ಲೇ ನಿಂತು ಕೇಳಿ, “ಹ್ವಾಯ್, ಕಾಣೆ ಇವತ್ ಎಷ್ಟಾ?” ಅಂದರು.

“ಇಬ್ರಿಗ್ ಲೆಕ್ಕ ಹಾಕ್ರೆ ಒಂದ್ ಮನಿ ಕಟ್ಲಕ್,” ಅಂದರು ಭಾವ.

ಗಿರಾಕಿ ಪಂಪನ್ನೂ ಬಿಟ್ಟು ಹೋದವರು ಎರಡು ವಾರ ಈ ಕಡೆ ತಲೆ ಹಾಕಲಿಲ್ಲ!

ಸಣ್ಣ ಹಡಗು ಹೊಯ್ದಾಡುತ್ತದಲ್ಲ, ಅದಕ್ಕೂ ಭಾವನಲ್ಲಿ ಮದ್ದಿತ್ತು. ಹಡಗಿನ ನಟ್ಟನಡುವೆ, ಕೆಳಗಿನ ಅಂತಸ್ತಿನ ಕೋಣೆಯಲ್ಲಿ ತೊನೆದಾಟ ಕಡಿಮೆ. ಇದನ್ನು ಅಕ್ಕನಿಗೆ ಮನದಟ್ಟು ಮಾಡಬೇಕಲ್ಲ? ಅಕ್ಕ ದೇವಸ್ಥಾನಕ್ಕೆ ಹೋಗಿದ್ದ ಹೊತ್ತಿಗೆ ಅವಳ ಮಂಚವನ್ನು ಮಲಗುವ ಕೋಣೆಯಿಂದ ಎಳೆದು ತಂದು, ಮನೆಯ ಉದ್ದ ಅಗಲ ಅಳೆದು, ಸರೀ ನಡುಮಧ್ಯಕ್ಕೆ ಹಾಕಿದರು. ಸರೀ ನಡುಮಧ್ಯ ಅಂದರೆ ಅಡಿಗೆಕೋಣೆಗೆ ಹೋಗುವ ದಾರಿ. ಬಂದ ಅಕ್ಕ ಪ್ರಸಾದ ಕೈಯಲ್ಲಿ ಹಿಡಿದುಕೊಂಡೇ ಮಂಚವನ್ನು ಒಂದು ಸುತ್ತು ಬಂದಳು.

“ಇದೆಂತ ಇದ್?”

“ಇಲ್ಲ್ ಮನಿಕಂಡ್ರೆ ತೆರೆ ಗೊತ್ತಾತಿಲ್ಲೆ.”

“ನಮ್ಮನಿಯಂಗೆ ತೆರೆ ಇಲ್ಲೆ, ನೀವೊಬ್ರೇ ಇಪ್ಪುದ್. ಮಂಚ ತಂದ್ರಿ, ಇನ್ನ್ ಲಂಗರೊಂದ್ ಹಾಕ್ಬಿಡಿ, ಸಮಾ ಆತ್ತ್!”

ರಬ್ಬರ್ ದೋಣಿಗೆ ಇಳಿಯುವಾಗ ಕೈಗೆ ಕೈ ಹಿಡಿಯಬಾರದಂತೆ, ಜಾರುತ್ತದೆ. ಮೊಣಕೈಯ ಕೆಳಗೆ ಒಬ್ಬರದ್ದೊಬ್ಬರು ಬಿಗಿಯಾಗಿ ಹಿಡಿಯಬೇಕು. ಭಾವ ಇದನ್ನು ಅಭ್ಯಾಸ ಮಾಡಿಕೊಂಡದ್ದು ಬಸ್ಸಿನಲ್ಲಿ. ಕೋಟೇಶ್ವರದಲ್ಲಿ ಇಳಿಯುವಾಗ ಬಾಗಿಲಲ್ಲಿ ನಿಂತ ಕಂಡಕ್ಟರನ ಮುಂಗೈಯನ್ನು ಇಕ್ಕಳದ ಹಾಗೆ ಹಿಡಿದು, ಮುಖ ಗಂಟುಹಾಕಿ, ಒಂದೊಂದೇ ಕಾಲು ಇಳಿಸುತ್ತಿದ್ದರು. ಕಂಡಕ್ಟರ್ ಮೊದಮೊದಲು ಹೆದರಿ ಕೂಗಿದ. ಆಮೇಲೆ ಅವನಿಗೂ ರೂಢಿಯಾಯಿತು. “ಗಟ್ಟಿ ಹಿಡೀರಿ ತಾಂಡೇಲ್ರೆ, ಪೆಂಗ್ವಿನ್ ಸ್ಟಾಪ್ ಬಂತ್!” ಎಂದು ತಾನೇ ಕೈ ಚಾಚುತ್ತಿದ್ದ.

ಮುಂಬೈಯ ಏಜೆಂಟ್ ಹೆಂಗಸೊಬ್ಬಳು ಇದ್ದಳು. ಈ ಎಲ್ಲ ಕಂಪೆನಿಗಳ ಟಿಕೆಟನ್ನೂ ಮಾಡಿಸಿಕೊಡುವವಳು. ಅವಳ ತಾಳ್ಮೆಗೆ ಗುಡಿ ಕಟ್ಟಿಸಬೇಕು. ಭಾವ ನನ್ನ ಅಂಗಡಿಯಲ್ಲಿ ಕೂತೇ ತಮ್ಮ ಬಂದರು ಹಿಂದಿಯಲ್ಲಿ ಅವಳ ಸಂಗಡ ಮಾತಾಡುವುದು. ಕ್ಯಾಪ್ಟನ್ ಆ ನೀರಿನಲ್ಲಿ ಎಷ್ಟು ಸಲ ಹೋಗಿದ್ದಾನೆ? ಗಾಳಿ ಎದ್ದರೆ ತಿರುಗಿಸುತ್ತಾನೋ, ಟೈಮಿಗೆ ಮುಟ್ಟಬೇಕು ಅಂತ ನುಗ್ಗುತ್ತಾನೋ? ಒಂದು ಕಂಪೆನಿ ‘ನಿಮ್ಮನ್ನು ಮಂಜಿನ ಮೇಲೆ ಇಳಿಸುವುದು ಗ್ಯಾರಂಟಿ’ ಎಂದು ಬರೆದುಕೊಂಡಿತ್ತು. ಭಾವ ಅದರ ಹೆಸರನ್ನು ಎರಡನೇ ಸಲ ಎತ್ತಲಿಲ್ಲ. ‘ಎಲ್ಲಿಗೆ ಹೋಗುವುದು, ಎಲ್ಲಿ ಇಳಿಸುವುದು ಎಲ್ಲ ಆ ದಿನದ ಹವೆಯ ಮೇಲೆ’ ಎಂದು ಬರೆದ ಕಂಪೆನಿಯನ್ನು ಮಾತ್ರ ತಲೆದೂಗಿ ಮೆಚ್ಚಿದರು. ಕೊನೆಗೆ ಎಲ್ಲ ಹಡಗಿಗೂ ಒಂದು ಸಮಾನ ಪ್ರಶ್ನೆ: ಕುಚ್ಚಲಕ್ಕಿ ಗಂಜಿ ಸಿಗುತ್ತದೋ? ಅಂಜಲ್ ಕಂಪೆನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲವಂತೆ. ಕಾಣೆ ಕಂಪೆನಿ ‘ಮೊದಲೇ ತಿಳಿಸಿದರೆ ಪ್ರಯತ್ನಿಸುತ್ತೇವೆ’ ಎಂದಿತು. ಭಾವ ಗೆದ್ದವರ ಹಾಗೆ ಮನೆಗೆ ಹೋಗಿ ಅಕ್ಕನಿಗೆ ಹೇಳಿದರು, “ಗಂಜಿ ಇತ್ತಂಬ್ರ್!”

“ಗಂಜಿ ಇಲ್ಲೂ ಇತ್ತ್,” ಅಂದಳು ಅಕ್ಕ. “ನಾನ್ ಬತ್ತಿಲ್ಲೆ.”

ಮರುದಿನ ಭಾವ ನನ್ನ ಅಂಗಡಿಗೆ ಬಂದು ಕ್ರೇಟಿನ ಮೇಲೆ ಕೂತರು. ಫೋನು ಕಿಸೆಯಿಂದ ಹೊರಗೇ ಬರಲಿಲ್ಲ. ನಾನು ಪಿಸ್ಟನ್ ಒರೆಸುತ್ತಿದ್ದೆ. “ಇನ್ನ್ ಯಾವ್ ಹಡಗೂ ಇಲ್ಲೆ ಮಾರಾಯ,” ಅಂದರು. “ಎಲ್ಲ ಕಂಡಾಯ್ತ್. ನಾನ್ ಕಂಡದ್ರಂಗೆ ಒಂದ್ ಪಾಲಾರೂ ಅವ್ಳ್ ಕಾಣ್ಲಿ ಅಂದೇಳಿ ಇತ್ತ್. ಬೆಳಿಗ್ಗೆ ನಡುಕಡ್ಲಂಗೆ ಸೂರ್ಯ ಏಳುದೊಂದಾರೂ.” ಮಂಡಿ ಉಜ್ಜಿಕೊಂಡರು. “ಇನ್ನೆರ್ಡ್ ವರ್ಷ ಕಳುದ್ರೆ ನಂಗೂ ಹತ್ತುಕೆ ಆತಿಲ್ಲೆ.”

ಆ ಮಾತಿಗೆ ನಗುವುದು ನನ್ನಿಂದ ಆಗಲಿಲ್ಲ. ಆ ಭಾನುವಾರ ಬ್ರಹ್ಮಾವರದಿಂದ ಅಕ್ಕನ ಮಗಳನ್ನೂ ಬರಹೇಳಿ, ನಾನೇ ಕೋಡಿಗೆ ಹೋದೆ. ಅಕ್ಕ ಬಾವಿಕಟ್ಟೆಯ ಹತ್ತಿರ ಕೂತು ಮೀನು ಹೆಚ್ಚುತ್ತಿದ್ದಳು. ಭಾವನೂ ಮಗಳೂ ಜಗಲಿಯಲ್ಲಿದ್ದರು. ನಾನು ಸುತ್ತು ಬಳಸಲಿಲ್ಲ. “ಅಕ್ಕ, ಹೆದ್ರಿಕಿಯಾ? ಜನ ಎಂತ ಹೇಳ್ತ್ರೋ ಅಂತ್ಳಾ? ಎಂತ ಸಂಗತಿ, ಹೇಳ್ ಕಾಂಬ.”

ಅಕ್ಕ ಕತ್ತಿಯಿಂದ ಕಣ್ಣೆತ್ತಲಿಲ್ಲ. “ಹಡಗೆಲ್ಲ ಚಂದವೇ. ಹೆದ್ರಿಕಿ ಎಂತದ್? ನಾನೂ ಹಡಗ್ ಹತ್ರೆ, ದಡದಂಗೆ ನಿಂತ್ಕಂಬುದ್ ಯಾರ್?”

ನಮಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಭಾವನ ಬೋಟು ಗಂಗೊಳ್ಳಿಯಿಂದ ಹೊರಟ ಪ್ರತಿ ಸಲವೂ ಅಕ್ಕ ಕೋಡಿಯ ತುದಿಗೆ ಹೋಗಿ ನಿಲ್ಲುತ್ತಿದ್ದಳಂತೆ. ಬೋಟು ಅಳಿವೆ ದಾಟಿ, ಹೊಳೆಯ ನೀರು ಬಿಟ್ಟು ಕಡಲಿಗೆ ಬಿದ್ದು, ಅದರ ಕಂಬ ಕಣ್ಣಿಗೆ ಮರೆಯಾಗುವವರೆಗೆ. ಅತ್ತೆ ಕಲಿಸಿಕೊಟ್ಟ ಕೆಲಸ ಅದು. ಅತ್ತೆ ತೀರಿಹೋದ ಮೇಲೆ ಒಬ್ಬಳೇ. ಮೀನು ಕೊಳ್ಳಲು ಹೋಗುವವಳ ಹಾಗೆ ಬುಟ್ಟಿ ಹಿಡಿದುಕೊಂಡು ಹೋಗುತ್ತಿದ್ದುದರಿಂದ ಯಾರೂ ಕೇಳಿದವರಿಲ್ಲ. ಭಾವನಿಗೂ ಗೊತ್ತಿರಲಿಲ್ಲ, ಚುಕ್ಕಾಣಿ ಹಿಡಿದವರು ಅಳಿವೆಯಲ್ಲಿ ಹಿಂದೆ ತಿರುಗಿ ನೋಡುತ್ತಾರೆಯೇ?

“ಹಗ್ಗದ್ ಒಂದ್ ತುದಿ ಬೋಟಂಗೆ, ಒಂದ್ ತುದಿ ದಡದಂಗೆ,” ಅಂದಳು ಅಕ್ಕ. “ಇಬ್ರೂ ಬೋಟಂಗೇ ಕೂತ್ರೆ ವಾಪಾಸ್ ಎಳುದ್ ಯಾರ್?”

ಜಗಲಿಯಲ್ಲಿ ಭಾವ ಎದ್ದು ನಿಂತಿದ್ದರು. ಎಷ್ಟೊಂದು ಕಂಪೆನಿಗೆ ಎಷ್ಟೊಂದು ಪ್ರಶ್ನೆ ಕೇಳಿದ ಮನುಷ್ಯ, ಹೆಂಡತಿಗೆ ಈ ಒಂದನ್ನು ಕೇಳಿರಲಿಲ್ಲ! ಆಮೇಲೆ ಫೋನು ತೆಗೆದರು. ಆ ಏಜೆಂಟ್ ಹೆಂಗಸಿಗೆ, ಹಡಗು ದೂರದೇಶದ ಬಂದರು ಬಿಟ್ಟು ಹೊರಡುವಾಗ ದಡದಲ್ಲಿ ನಿಲ್ಲುವುದಕ್ಕೆ ಯಾವ ಕಂಪೆನಿಯಾದರೂ ಜನ ಇಟ್ಟಿದೆಯೋ ಎಂದು ಕೇಳಿಯೇ ಬಿಟ್ಟರು. ಅವಳು ನಗಲಿಲ್ಲ. “ಅದು ಯಾವ ಕಂಪೆನಿಯಲ್ಲೂ ಇಲ್ಲ, ಕ್ಯಾಪ್ಟನ್ ಸಾಬ್. ಅದನ್ನು ನಿಮ್ಮವರೇ ಮಾಡಬೇಕು,” ಅಂದಳು.

“ನಾನ್ ನಿಂತ್ಕಂತೆ,” ಅಂದೆ.

ಅಕ್ಕ ಕತ್ತಿ ಕೆಳಗಿಟ್ಟಳು. “ಎಲ್ಲ್? ಆ ದೇಶದಂಗಾ?”

“ಇಲ್ಲೇ, ಕೋಡಿಯಂಗೆ. ಕಡ್ಲ್ ಎಂತ ಅಲ್ಲೊಂದ್ ಇಲ್ಲೊಂದ್ ಇತ್ತಾ?”

“ನಿನ್ನ ಅಂಗ್ಡಿ?”

“ಬಾಗಿಲ್ ಹಾಕ್ತೆ.”

ಅಕ್ಕ ನನ್ನ ಮುಖವನ್ನೇ ನೋಡಿದಳು. ಜ್ವರ ಬಂದರೂ ಅಂಗಡಿಯ ಬಾಗಿಲು ಹಾಕದ ತಮ್ಮ ಇವನು ಎಂದು ಅವಳಿಗೆ ಗೊತ್ತು. “ಸುಮ್ನೆ ನಿಂತ್ರೆ ಆತಿಲ್ಲೆ. ಕಲೀಕ್,” ಅಂದಳು.

ಅದೇ ‘ಹ್ಞೂಂ’ ಎಂದು ಭಾವನಿಗೆ ಅರ್ಥವಾಗುವುದಕ್ಕೇ ಒಂದು ನಿಮಿಷ ಬೇಕಾಯಿತು. ಆಮೇಲೆ ನೋಡಿ, ಅಷ್ಟು ಕಾಲದ ಹೋಲಿಕೆ, ತೂಕ, ಪರೀಕ್ಷೆ ಎಲ್ಲ ಗಾಳಿಗೆ ಹೋಯಿತು! ಫೋನನ್ನು ಅಕ್ಕನ ಮುಂದೆ ಹಿಡಿದರು. ಅಕ್ಕ ಒದ್ದೆ ಬೆರಳಿನಲ್ಲಿ ಒಂದು ಹಡಗು ತೋರಿಸಿದಳು. ಅದೇ ಒಳ್ಳೆಯ ಹಡಗಾಯಿತು. ಯಾಕೆ ಅದು ಅಂದರೆ, ಅದರ ಕಿಟಕಿಯ ಪರದೆ ಚಂದ ಇತ್ತಂತೆ. ಬರುವ ಹಂಗಾಮಿಗೆ ಟಿಕೆಟಾಗಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಅಕ್ಕ ನನ್ನನ್ನು ಕೋಡಿಯ ತುದಿಗೆ ಕರೆದುಕೊಂಡು ಹೋದಳು. ಭಾವನೂ ಬಂದು, ಸ್ವಲ್ಪ ಹಿಂದೆ ಕಲ್ಲಿನ ಮೇಲೆ ಕೂತರು. ಯಾರದೋ ಒಂದು ಬೋಟು ಅಳಿವೆ ದಾಟುತ್ತಿತ್ತು. ಅದನ್ನೇ ನಮ್ಮದು ಅಂತ ಇಟ್ಟುಕೊಂಡೆವು. ಕೂರಬಾರದು, ಅಂದಳು ಅಕ್ಕ. ಹಿಂದಿನಿಂದ ಯಾರು ಕರೆದರೂ ಓಗೊಡಬಾರದು. ಕಂಬ ಮರೆಯಾಗುವವರೆಗೆ ಕಣ್ಣು ಕೀಳಬಾರದು.

“ಮತ್ತೆ ಹೆಸ್ರ್ ಹೇಳ್ತಾ ಇರ್ಕ್.”

“ಯಾವ ದೇವ್ರದ್ದ್?”

“ದೇವ್ರದ್ದಲ್ಲ. ಹೋಪವ್ರದ್ದ್.”

“ಹ್ಯಾಂಗೆ?”

ಅಕ್ಕ ಕಡಲಿಗೆ ಮುಖ ಮಾಡಿ ಭಾವನ ಹೆಸರು ಹೇಳಿದಳು. ಮದುವೆಯಾದಲ್ಲಿಂದ ‘ಇವ್ರ್’ ಅಂದದ್ದು ಬಿಟ್ಟರೆ ಬೇರೆ ಅವಳ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಹಿಂದೆ ಮುಂದೆ ಏನೂ ಸೇರಿಸದೆ, ಪಕ್ಕದ ಹಿತ್ತಲಿನ ಯಾರನ್ನೋ ಮೆಲ್ಲಗೆ ಕರೆಯುವ ಹಾಗೆ ಹೇಳಿದಳು. ಮತ್ತೊಂದು ಸಲ. ಮತ್ತೊಂದು ಸಲ. ಕಲ್ಲಿನ ಮೇಲೆ ಕೂತವರಿಗೂ ಅದು ಕೇಳಿರಬೇಕು. ನಾನು ತಿರುಗಿ ನೋಡಲಿಲ್ಲ, ನೋಡಬಾರದು ಎಂದಿದ್ದಳಲ್ಲ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

“ಈಗ ನೀ ಹೇಳ್. ನಿಂಗ್ ಎರಡ್ ಹೆಸ್ರ್.”

ಭಾವನ ಹೆಸರು ಹೇಗೋ ಬಂತು. ಎರಡನೆಯದು ಅಕ್ಕನದು. ಹುಟ್ಟಿದ ಲಾಗಾಯ್ತಿನಿಂದ ಅಕ್ಕ ಎಂದೇ ಕರೆದ ಬಾಯಿ. ಎರಡು ಸಲ ಹೇಳಹೊರಟೆ, ಎರಡು ಸಲವೂ ‘ಅಕ್ಕ’ ಎಂದೇ ಬಂತು.

ಅಕ್ಕ ನನ್ನ ಬದಿಯಲ್ಲಿ, ನೀರಿನ ಮೇಲೆ ಕಣ್ಣಿಟ್ಟು ನಿಂತಿದ್ದಳು.

“ಹೇಳ್ ತಮ್ಮಾ,” ಅಂದಳು. “ಅವಸ್ರ ಇಲ್ಲೆ. ಬೋಟ್ ಇನ್ನೂ ಕಾಣತ್ತ್.”