ಬೆಳಿಗ್ಗೆ ಈಸ್ಟಿನಲ್ಲೂ ಸಂಜೆ ವೆಸ್ಟಿನಲ್ಲೂ ಕಣ್ಣು ಕುಕ್ಕುವವರಿಗೆ

ಶ್ರೀ ಸೂರ್ಯನಾರಾಯಣರ ಸನ್ನಿಧಿಗೆ,
ಬೆಳಗಿನ ಕಚೇರಿ: ಈಸ್ಟ್. ಸಂಜೆಯ ಕಚೇರಿ: ವೆಸ್ಟ್.

ಮಾನ್ಯರೇ,

ಠಾಣೆಯ ಮಾಜಿವಾಡಾದಲ್ಲಿ ಮನೆ, ಡೊಂಬಿವಲಿ ಈಸ್ಟಿನಲ್ಲಿ ಸಣ್ಣದೊಂದು ಇಡ್ಲಿ-ವಡೆ ಹೋಟೆಲು, ಎರಡರ ನಡುವೆ ಓಡಾಡಲು ಒಂದು ಮೋಟಾರ್‌ಸೈಕಲ್ಲು ಇಟ್ಟುಕೊಂಡಿರುವ ಲಕ್ಷ್ಮೀಕಾಂತನು ಹೆಲ್ಮೆಟ್ ತೆಗೆದು ಮಾಡುವ ನಮಸ್ಕಾರಗಳು. ರೈಲು ಹಳಿ ಊರನ್ನು ಈಸ್ಟು, ವೆಸ್ಟು ಎಂದು ಸೀಳಿರುವ ನಮ್ಮಲ್ಲಿ ಈಸ್ಟಿನವರು ವೆಸ್ಟಿಗೆ ಬರಬೇಕಾದರೆ ಸ್ಟೇಷನ್ನಿನ ಬ್ರಿಜ್ಜು ಹತ್ತಿ ಇಳಿದು ಏದುಸಿರು ಬಿಡುತ್ತಾರೆ. ತಾವು ಮಾತ್ರ ಮಳೆಗಾಲದ ರಜೆಯೊಂದನ್ನು ಬಿಟ್ಟರೆ ಎರಡೂ ಕಡೆ ತಪ್ಪದೆ ಹಾಜರಿರುತ್ತೀರೆಂದು ಮೊದಲು ಅಭಿನಂದಿಸಿ, ಆಮೇಲೆ ದೂರಿಗೆ ಬರುತ್ತೇನೆ.

ನಾನು ಬುದ್ಧಿವಂತ. ಮನೆಯಲ್ಲಿ ಯಾರೂ ಹೇಳದ ಕಾರಣ ನಾನೇ ಹೇಳಬೇಕಾಗಿದೆ. ಬೆಳಿಗ್ಗೆ ಊರಿಗೆ ಊರೇ ಮುಂಬಯಿಯ ಕಡೆ ನುಗ್ಗುವಾಗ ನಾನು ಉಲ್ಟಾ ದಿಕ್ಕಿಗೆ, ಸಂಜೆ ಅವರೆಲ್ಲ ಮರಳುವಾಗ ನಾನು ಮತ್ತೆ ಉಲ್ಟಾ. ಗದ್ದಲವೆಲ್ಲ ರಸ್ತೆಯ ಆ ಬದಿಗೆ, ಖಾಲಿ ಜಾಗವೆಲ್ಲ ನನ್ನ ಬದಿಗೆ ಎಂದು ಲೆಕ್ಕ ಹಾಕಿಯೇ ಮನೆ ಇಲ್ಲಿ, ಹೋಟೆಲು ಅಲ್ಲಿ ಮಾಡಿದವನು. ಈ ಲೆಕ್ಕವನ್ನು ನೆಂಟರ ಮದುವೆಗಳಲ್ಲಿ, ಕೇಳದವರನ್ನೂ ನಿಲ್ಲಿಸಿ ವಿವರಿಸಿದ್ದೇನೆ. ಅದರಲ್ಲಿ ಬಿಟ್ಟುಹೋದ ಬಾಬತ್ತು ತಾವೊಬ್ಬರೇ. ಟ್ರಾಫಿಕ್ಕಿನಲ್ಲಿ ಸಿಕ್ಕಿ ನರಳುವ ಆ ಬಡಪಾಯಿಗಳಿಗೆ ತಾವು ಎರಡು ಹೊತ್ತೂ ಹಿಂದಿನಿಂದ ಬಂದು ಬೆನ್ನು ಕಾಯಿಸುತ್ತೀರಿ. ಬುದ್ಧಿವಂತನಾದ ನನಗೆ ಎರಡು ಹೊತ್ತೂ ನೇರ ಮುಖದರ್ಶನ.

ಧೂಳು ತಡೆಯಲೆಂದು ಬೈಕಿಗೆ ಎತ್ತರದ ವಿಂಡ್‌ಶೀಲ್ಡ್ ಹಾಕಿಸಿದ್ದು ನಾನೇ. ಅದರ ಮೇಲೆ ಕೂತ ಮಸಿಯನ್ನು ಹೋಟೆಲಿನಲ್ಲಿ ಕಾವಲಿ ತಿಕ್ಕುವ ಸ್ಟೀಲ್ ನಾರಿನಿಂದ, ಆಳಿಗೆ ಬಿಡದೆ, ಸ್ವತಃ ಉಜ್ಜಿದ್ದೂ ನಾನೇ. ಗೀರುಗಳು ನೆರಳಿನಲ್ಲಿ ಕಾಣಲಿಲ್ಲ. ಮರುದಿನ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಮೇಲಿನ ಸೇತುವೆ ಹತ್ತಿದಾಗ ಒಂದೊಂದು ಗೀರಿನಲ್ಲೂ ತಾವು ಬೇರೆ ಬೇರೆಯಾಗಿ ಉದಯಿಸಿದಿರಿ. ಸಹಸ್ರಕಿರಣ ಎಂಬ ತಮ್ಮ ಬಿರುದನ್ನು ಬರೀ ಹೊಗಳಿಕೆಯೆಂದು ತಿಳಿದಿದ್ದೆ, ಕ್ಷಮೆಯಿರಲಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುವ ಮಗಳು ನಿಶ್ಮಿತಾ ಶೀಲ್ಡಿನ ಮೇಲೆ ಬೆರಳಾಡಿಸಿ, “ಪಪ್ಪಾ, ಯೇ ವಿಂಡ್‌ಶೀಲ್ಡ್ ಹೈ, ತವಾ ನಹೀಂ” ಅಂದಳು.

ತಮ್ಮನ್ನು ತಗ್ಗಿಸಲು ನಾನು ಪಟ್ಟ ಪಾಡು ತಮಗೇ ಗೊತ್ತು, ಮೇಲಿನಿಂದ ನೋಡುತ್ತಿದ್ದಿರಿ. ಕಪ್ಪು ಫಿಲ್ಮ್ ಅಂಟಿಸಿದೆ. ಬಿಸಿಲು ಕಮ್ಮಿಯಾಗಲಿಲ್ಲ, ರಸ್ತೆ ಕಮ್ಮಿಯಾಯಿತು. ಮಿಠಾಯಿ ಡಬ್ಬಿಯ ರಟ್ಟು ಕತ್ತರಿಸಿ ಹೆಲ್ಮೆಟ್ಟಿಗೆ ಮಾಡು ಕಟ್ಟಿದೆ. ಅದು ಗಾಳಿಗೆ ಹಾರಿ ಖಾಡಿಯ ಮೀನುಗಳ ಪಾಲಾಯಿತು.

ಇಷ್ಟಕ್ಕೇ ನಿಂತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಹೋಟೆಲಿನ ಗಲ್ಲೆಯಲ್ಲಿ ಕೂರುವ ನನ್ನ ಹೆಂಡತಿ ಜಯಲತಾ ದಿನವೂ ನನ್ನ ಹಿಂದಿನ ಸೀಟಿನಲ್ಲೇ ಬರುವವಳು. ಕಳೆದ ತಿಂಗಳು ತಮ್ಮ ಪ್ರಭೆಯ ನಡುವೆ ಯಾರೋ ಕೈ ಎತ್ತಿ ತಡೆದಂತೆ ಕಂಡಿತು. ಟ್ರಾಫಿಕ್ ಪೊಲೀಸರೆಂದು ಬೈಕು ನಿಲ್ಲಿಸಿ, ಇಳಿದು, ಲೈಸೆನ್ಸ್ ಚಾಚಿ, “ಸಾಹೇಬ್, ಪೇಪರ್ ಸಗಳೆ ಓಕೆ ಆಹೇತ್” ಎಂದು ಕಾಗದಪತ್ರವೆಲ್ಲ ಸರಿಯಿರುವುದನ್ನು ಮರಾಠಿಯಲ್ಲಿ ವಿನಯದಿಂದ ತಿಳಿಸಿದೆ. ಕಣ್ಣು ತಿಳಿಯಾದಾಗ ನೋಡಿದರೆ ಅದು ಯಾವುದೋ ಪುಢಾರಿ ಭಾವೂ ಒಬ್ಬರು ಕೈ ಎತ್ತಿ ನಿಂತ ಹುಟ್ಟುಹಬ್ಬದ ಬ್ಯಾನರು. ಜಯಲತಾ ಸೀರೆ ಸರಿಮಾಡಿಕೊಂಡು ಇಳಿದವಳು, “ನೀವು ಅವರ ಹತ್ರ ಮಾತಾಡಿ ಮುಗಿಸಿ ಬನ್ನಿ ಮಾರಾಯ್ರೆ, ನಾನು ರಿಕ್ಷಾದಲ್ಲಿ ಹೋಗ್ತೇನೆ” ಎಂದು ಹೋದಳು.

ಅಂದಿನಿಂದ ಅವಳದು ಲೋಕಲ್ ಟ್ರೈನು. ಉಲ್ಟಾ ದಿಕ್ಕಿನದಾದ್ದರಿಂದ ದಿನವೂ ಕಿಟಕಿ ಸೀಟು. ಅಂದರೆ ನನ್ನ ಬುದ್ಧಿವಂತಿಕೆಯ ಪೂರ್ತಿ ಲಾಭ ಅವಳ ಖಾತೆಗೆ ಜಮಾ ಆಗುತ್ತಿದೆ. ದಾರಿಯುದ್ದಕ್ಕೂ ಭುಜ ಹಿಡಿದು, ಯಾವ ಗಿರಾಕಿ ಯಾಕೆ ಮುನಿದಿದ್ದಾನೆ, ಯಾವ ಸಪ್ಲೈಯರ್ ಕೆಲಸ ಬಿಡುವ ಅಂದಾಜಿನಲ್ಲಿದ್ದಾನೆ ಎಂದೆಲ್ಲ ಕಿವಿಗೆ ಹಾಕುತ್ತಿದ್ದವಳಿಲ್ಲದೆ ನನ್ನ ಹೋಟೆಲಿನ ಸುದ್ದಿ ನನಗೇ ಗೊತ್ತಾಗುವುದಿಲ್ಲ. ಆ ಹಿಂದಿನ ಸೀಟಿನ ಮೇಲೆ ಈಗ ಈರುಳ್ಳಿ ಚೀಲ ಬರುತ್ತದೆ. ಅದು ಮಾತಾಡುವುದಿಲ್ಲ.

ಆದ್ದರಿಂದ ತಾವು ದಯಮಾಡಿ ಸೋಮವಾರದಿಂದ ಶನಿವಾರದವರೆಗೆ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗಬೇಕು. ಭಾನುವಾರ ನಮಗೆ ರಜೆ, ತಮ್ಮಿಷ್ಟ. ಇದಕ್ಕೆ ಮೇಲಿನವರ ಪರವಾನಗಿ ಬೇಕೆಂದಾದರೆ, ಅದು ಸಿಗುವವರೆಗೆ ದಿನವೂ ಬೆಳಿಗ್ಗೆ ಬದಲಾಪುರದ ಆಚೆ ಗುಡ್ಡಗಳ ಹಿಂದೆ ಸ್ವಲ್ಪ ಹೊತ್ತು ಕಾಯ್ದುಕೊಂಡಿರಿ, ಹೋಟೆಲು ತಲುಪಿದ ಕೂಡಲೇ ಫೋನ್ ಮಾಡುತ್ತೇನೆ.

ಇಲ್ಲಿಯವರೆಗೆ ಬರೆದು ಜಯಲತಾಳಿಗೆ ಓದಿ ಹೇಳಿದೆ. ಅವಳು ಉದ್ದಿನಲ್ಲಿ ಕಲ್ಲು ಹೆಕ್ಕುತ್ತಲೇ ಕೇಳಿದಳು: “ಹೋಟೆಲ್ ಶುರು ಮಾಡಿದ ಕಾಲದಲ್ಲಿ ಈ ಸೂರ್ಯನ ಉಪದ್ರ ಇತ್ತಾ ನಿಮಗೆ?”

ಇರಲಿಲ್ಲ. ಆಗ ಹಿಟ್ಟಿನ ಹದ ನೋಡಲು ಕತ್ತಲಿರುವಾಗಲೇ ಹೊರಡುತ್ತಿದ್ದೆ, ದೀಪ ಹಚ್ಚಿದ ಎಷ್ಟೋ ಹೊತ್ತಿನ ಮೇಲೆ ಮರಳುತ್ತಿದ್ದೆ. ಅಡುಗೆಗೆ ಜನ ಇಟ್ಟು, ನಾನು ಸೇಠ್ ಆಗಿ, ಎಂಟು ಗಂಟೆಗೆ ಮನೆ ಬಿಟ್ಟು ಬಿಸಿಲಿರುವಾಗಲೇ ಮರಳತೊಡಗಿದ ಮೇಲೆಯೇ ತಮ್ಮ ಪರಿಚಯವಾದದ್ದು.

“ಆಗ ನೀವು ಅವನಿಗಿಂತ ಮೊದಲು ಏಳ್ತಿದ್ರಿ. ಈಗ ಅವನು ಏಳುವುದೇ ತಪ್ಪು ಅಂತ ಕಾಗದ ಬರೀತೀರಿ. ಕತ್ತಲೆಗೆ ಹೊರಡುದಾದ್ರೆ ಹೇಳಿ, ಹಿಂದೆ ಕೂತ್ಕೊಳ್ತೇನೆ. ಇಲ್ಲದಿದ್ರೆ ನನಗೆ ಕಿಟಕಿ ಸೀಟು ಉಂಟು.”

ಹೀಗಾಗಿ ದೂರನ್ನು ಹಿಂತೆಗೆದುಕೊಂಡಿದ್ದೇನೆ. ಗೀರಿಲ್ಲದ ಹೊಸ ಶೀಲ್ಡ್ ಬಂದಿದೆ, ಮೂಗಿನ ಮಟ್ಟದ್ದು, ಮೇಲಿನಿಂದ ನೋಡಿ ಓಡಿಸಬಹುದು. ಸ್ಟೀಲ್ ನಾರನ್ನು ಜಯಲತಾ ಬಚ್ಚಿಟ್ಟಿದ್ದಾಳೆ. ನಾಳೆ ಅಲಾರಂ ಐದಕ್ಕೆ, ಮರಳುವುದು ದೀಪ ಹಚ್ಚಿದ ಮೇಲೆ.

ಇಂತು, ಇನ್ನು ಮುಂದೆ ತಮ್ಮ ಮುಖ ನೋಡದಿರಲು ಹಾರೈಸುವ,
ತಮ್ಮ ವಿಶ್ವಾಸಿ,
ಲಕ್ಷ್ಮೀಕಾಂತ

ತಾ.ಕ.: ನಾಳೆ ತಾವು ಮಾಜಿವಾಡಾಕ್ಕೆ ಬರುವಾಗ ನನ್ನ ಬೈಕು ಇನ್ನೂ ಕೆಳಗೇ ನಿಂತಿದ್ದರೆ, ನಮ್ಮ ಬೆಡ್‌ರೂಮಿನ ಕಿಟಕಿ ಈಸ್ಟಿಗೇ ಇದೆ, ಸಂಕೋಚವಿಲ್ಲದೆ ಒಳಗೆ ಬಂದು ನೇರ ಕಣ್ಣಿಗೇ ಹೊಡೆಯಿರಿ. ಅಲ್ಲಿ ವಿಂಡ್‌ಶೀಲ್ಡ್ ಇಲ್ಲ.